ತೊಳೆಯಬಾರದ ಭರಣಿ

ನಾನೊಂದು ಭರಣಿ. ಹೆಗಲವರೆಗೆ ಕಂದು, ಹೊಟ್ಟೆಯೆಲ್ಲ ಕೆನೆಬಣ್ಣ. ಖಾನಾಪುರದ ಕಡೆಯ ಜೇಡಿಮಣ್ಣು ನನ್ನ ತಾಯಿ. ಕುಂಬಾರನ ಚಕ್ರದ ಮೇಲೆ ತಲೆ ತಿರುಗುವಷ್ಟು ಸುತ್ತಿದೆ. ಸುತ್ತುತ್ತ ಸುತ್ತುತ್ತಲೇ ನನಗೊಂದು ಹೊಟ್ಟೆ ಬಂತು, ಆಮೇಲೆ ಕೊರಳು, ಕಡೆಗೆ ಬಾಯಿ. ಬಾಯಿ ಬಂತೇ ಹೊರತು ಮಾತು ಬರಲಿಲ್ಲ. ಅದು ಬರದೇ ಇದ್ದದ್ದು ಒಂದು ಮನೆಯ ಪುಣ್ಯ ಅಂತ ಈಗ ಅನ್ನಿಸುತ್ತದೆ.

ಭಟ್ಟಿಯೊಳಗೆ ಎರಡು ಹಗಲು ಬೆಂದೆ. ಪಕ್ಕದಲ್ಲಿದ್ದವರು ಒಬ್ಬೊಬ್ಬರೇ ಟಪ್ ಎಂದು ಸೀಳಿಹೋದರು. ನಾನು ಉಳಿದೆ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ರೈಲು ಹತ್ತಿ ಬಂದು ಬೆಟಗೇರಿಯ ಸಂತೆಯಲ್ಲಿ ಕಣ್ಣುಬಿಟ್ಟೆ.

ಅಲ್ಲಿ ನನ್ನನ್ನು ಆರಿಸಿದವಳು ಬಾಳವ್ವ, ನೇಕಾರರ ಮನೆಯ ಹೊಸ ಸೊಸೆ. ಸಾಲಿನಲ್ಲಿದ್ದ ಭರಣಿಗಳಿಗೆಲ್ಲ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತ ಬಂದಳು. ನನ್ನ ಹೊಟ್ಟೆಗೆ ಬಡಿದಾಗ ಠಣ್ ಎಂದೆ.

"ಇದ ಸಾಕು ನನಗ," ಎಂದಳು.

ಬಾಳವ್ವನ ಮನೆಯಲ್ಲಿ ಮುಂದೆ ಮಗ್ಗ, ಹಿಂದೆ ಹಿತ್ತಲು. ಮಗ್ಗದ ಟಕಟಕ ಸದ್ದು ನಿಂತರೆ ನಡುಹಗಲಲ್ಲಿಯೂ ಮನೆ ಮೂಕವಾದಂತೆ ಇರುತ್ತಿತ್ತು. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ದಾರಿಗುಂಟ ಇಪ್ಪತ್ತು ಮೆಣಸಿನ ಗಿಡ. ಸಂಕ್ರಾಂತಿ ಕಳೆಯುತ್ತಿದ್ದಂತೆ ಕಾಯಿ ಹಣ್ಣಾಗಿ, ಹಸಿರು ಸೀರೆಗೆ ಕೆಂಪು ಬುಟ್ಟಾ ನೇಯ್ದಂತೆ ಕಾಣುತ್ತಿದ್ದವು. ಅವನ್ನು ಹರಿದು, ಒದ್ದೆ ತಾಗಿಸದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಬಾಡಿಸಿ, ತೊಟ್ಟು ತೆಗೆದು, ಒಳಕಲ್ಲಿಗೆ ಹಾಕಿ ಉಪ್ಪು, ಬೆಳ್ಳುಳ್ಳಿ, ಹುರಿದ ಮೆಂತ್ಯದ ಜೊತೆ ಕುಟ್ಟಬೇಕು. ಕೊನೆಗೆ ನಿಂಬೆರಸ. ಅದೇ ಕೆಂಪು ಖಾರ. ವರ್ಷವಿಡೀ ರೊಟ್ಟಿಯ ಪಕ್ಕ ಒಂದು ಕೆಂಪು ಚುಕ್ಕೆ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಖಾರ ಎಂದೂ ತಳ ಕಾಣಬಾರದು. ಹಳೆಯದು ಒಂದು ಹಿಡಿ ಉಳಿಯಬೇಕು, ಹೊಸದು ಅದರ ಮೇಲೆ ಬೀಳಬೇಕು. ಅದಕ್ಕೆ ತಳಖಾರ ಎನ್ನುತ್ತಿದ್ದರು. ಅತ್ತೆಯ ಅತ್ತೆ, ಅವಳ ಅತ್ತೆ, ಹೀಗೆ ಏಳು ಸೊಸೆಯರ ಕೈ ದಾಟಿ ಬಂದದ್ದು ಅಂತ ಓಣಿಗೆಲ್ಲ ಗೊತ್ತಿತ್ತು. ಹೊಸದಾಗಿ ಬಾಣಂತನ ಮುಗಿಸಿದವರು ಬಾಯಿರುಚಿಗೆ ಒಂದು ಬೆರಳು ಬೇಡಿಕೊಂಡು ಹೋಗುತ್ತಿದ್ದರು.

ನಾನು ಬಂದ ವರ್ಷ ಆ ತಳಖಾರ ಹಳೆಯ ಮಣ್ಣಿನ ಗಡಿಗೆಯಲ್ಲಿತ್ತು. ಅತ್ತೆ ಬೀಗರ ಮನೆಯ ತೊಟ್ಟಿಲಿಗೆ ಹೋಗಿದ್ದಳು. ಬಾಳವ್ವ ಗಡಿಗೆ ಎತ್ತಿ ನನ್ನತ್ತ ಬರುತ್ತಿದ್ದಳು. ಅಂಗೈಗೆ ಎಣ್ಣೆ ಹಚ್ಚಿಕೊಂಡಿದ್ದಳಲ್ಲ, ಉರಿಯಬಾರದೆಂದು. ಗಡಿಗೆ ಜಾರಿತು. ಏಳು ಸೊಸೆಯರ ಖಾರ ಹಿತ್ತಲ ಮಣ್ಣಲ್ಲಿ ಬಿತ್ತು. ಬಾಳವ್ವ ಕುಕ್ಕರಗಾಲಲ್ಲಿ ಕೂತು ಅದನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಒಡೆದ ಗಡಿಗೆಯ ಬೋಕಿಗಳನ್ನೆಲ್ಲ ಗುಂಡಿ ತೋಡಿ ಮುಚ್ಚಿ, ಹೊಸ ಖಾರವನ್ನು ನನ್ನ ಬರಿಯ ಹೊಟ್ಟೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದಳು.

ಸಂಜೆ ಅತ್ತೆ ಬಂದು ಕೇಳಿದಳು: "ತಳಖಾರ ಹಾಕೀದಿಲ್ಲ?"

"ಹಾಕೇನಿ, ಅತ್ತಿ."

ನೋಡಿದವಳು ನಾನೊಬ್ಬಳೇ. ಆ ವರ್ಷ ಅತ್ತೆ ರೊಟ್ಟಿ ಮುರಿದು ಖಾರ ಹಚ್ಚಿಕೊಂಡು, "ನಮ್ಮತ್ತೀ ಕೈ ರುಚಿ ಹಂಗ ಐತಿ" ಎಂದಾಗ ಬಾಳವ್ವ ಮಜ್ಜಿಗೆ ತರುವ ನೆವದಲ್ಲಿ ಒಳಗೆ ಹೋದಳು.

ಇಪ್ಪತ್ತೆರಡು ವರ್ಷ ಕಳೆದವು. ಬಾಳವ್ವ ತಾನೇ ಅತ್ತೆಯಾದಳು. ಸೊಸೆ ಶಂಕ್ರವ್ವ ಮುಧೋಳದ ಕಡೆಯವಳು, ಹೆದರುಗಣ್ಣಿನ ಹುಡುಗಿ. ನಡೆದರೆ ಕಾಲುಂಗುರದ ಸದ್ದೂ ಕೇಳುತ್ತಿರಲಿಲ್ಲ. ಮೊದಲ ವರ್ಷ ಖಾರ ಕುಟ್ಟುವ ದಿನ ಬಾಳವ್ವ ನಿಂಬೆಹಣ್ಣು ತರಲು ಹೊರಟವಳು, "ಭರಣಿ ಕೆಳಗ ಇಳಿಸಿ ತಯಾರ ಇಡವ್ವಾ" ಎಂದು ಹೇಳಿ ಹೋದಳು.

ಶಂಕ್ರವ್ವನ ತವರಿನಲ್ಲಿ ವರ್ಷಕ್ಕೊಮ್ಮೆ ಭರಣಿ ತಿಕ್ಕಿ ಬಿಸಿಲಿಗೆ ಇಡುವುದು ರೂಢಿ. ತನ್ನ ಕೆಲಸ ನೋಡಿ ಅತ್ತೆ ಮೆಚ್ಚಲಿ ಅಂತ ಹುಣಸೆಹಣ್ಣು, ಬೂದಿ ತಂದು ಕೂತಳು. ನನ್ನ ಕೊರಳೊಳಗೆ ಅವಳ ಬಳೆಗೈ ಇಳಿದಾಗ ನಾನು ಕೂಗಬೇಕೆಂದುಕೊಂಡೆ. ಬಾಯಿಯೇನೋ ಇತ್ತು. ಇಪ್ಪತ್ತೆರಡು ವರ್ಷದ ಖಾರ ಕೆಂಪು ನೀರಾಗಿ ಬಚ್ಚಲ ದಾರಿಗುಂಟ ಮೆಣಸಿನ ಗಿಡಗಳ ಬುಡಕ್ಕೆ ಹೋಯಿತು.

ಬಾಳವ್ವ ಬಂದವಳೇ ನನ್ನೊಳಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

"ತೊಳದಿಯೇನು?"

"ಹೂಂ, ಅತ್ತಿ. ಒಂದ ಕಲಿ ಇಲ್ದಂಗ ತೊಳದೇನಿ." ಹೇಳುತ್ತ ಹೇಳುತ್ತ ಅತ್ತೆಯ ಮುಖ ಕಂಡು ಹುಡುಗಿಯ ದನಿ ಇಳಿಯಿತು. "ತಪ್ಪಾತೇನ್ರಿ?"

ತಳಖಾರ ಅಂದರೇನೆಂದು ಬಾಳವ್ವ ಹೇಳಿದಳು. ಶಂಕ್ರವ್ವ ಗೋಡೆ ಹಿಡಿದು ಕೂತಳು. ಅಷ್ಟರಲ್ಲಿ ಕುಟ್ಟಲು ಬರುವ ಓಣಿಯ ಹೆಂಗಸರ ಮಾತು ಮೂಲೆಯಲ್ಲಿ ಕೇಳಿಸಿತು. ಅವರಿಗೆ ಗೊತ್ತಾದರೆ ಸಾಯುವತನಕ ಈ ಹುಡುಗಿಗೆ ಖಾರ ತೊಳೆದವಳು ಅಂತಲೇ ಹೆಸರು. ಅದು ಅವಳಿಗೂ ಗೊತ್ತಾಯಿತು. ಅಳಲೂ ಆಗದೆ ಸೆರಗು ಬಾಯಿಗೆ ತುರುಕಿಕೊಂಡಳು.

"ಬಾಗಲಾ ಮುಂದ ಮಾಡು," ಎಂದಳು ಬಾಳವ್ವ. ಹುಡುಗಿ ಕದ ಮುಚ್ಚಿ ಬಂದ ಮೇಲೆ ನನ್ನ ಪಕ್ಕ ಕೂತು, ಎಣ್ಣೆಗೈ ಮತ್ತು ಗಡಿಗೆಯ ಕತೆಯನ್ನು ಪಿಸುದನಿಯಲ್ಲಿ ಹೇಳಿದಳು. "ಐತಿ ಅಂತ ಹೇಳು. ಕೇಳಿದವ್ರಿಗೆಲ್ಲ ಹೇಳು. ನಾನೂ ಹೇಳಕೋಂತ ಬಂದೇನಿ."

"ರುಚಿ ಕೆಡತೈತಲ್ರೀ, ಅತ್ತಿ?"

ಬಾಳವ್ವ ಎದ್ದು ಗೂಟಕ್ಕೆ ತೂಗಿದ್ದ ಬಿಳಿ ಗಂಟು ಇಳಿಸಿದಳು. ಒಳಗೆ ಬೂದಿ ಬೆರೆಸಿದ ಮೆಣಸಿನ ಬೀಜ. ಪ್ರತಿ ವರ್ಷ ಹಿತ್ತಲಲ್ಲಿ ಮೊದಲು ಹಣ್ಣಾದ ಕಾಯಿಯನ್ನು ಅವಳು ಯಾರಿಗೂ ಕೊಡದೆ ಅದಕ್ಕೇ ತೆಗೆದಿಡುತ್ತಿದ್ದಳು. "ಗಡಿಗಿ ಒಡದ ದಿನ ಇದೊಂದು ಒಡದಿರಲಿಲ್ಲ. ಇನ್ನ ಇದು ನಿನ್ನ ಕಡೆ ಇರಲಿ," ಎಂದು ಸೊಸೆಯ ಸೆರಗಿಗೆ ಕಟ್ಟಿದಳು.

ಬಾಗಿಲು ತೆರೆಯಿತು. ಎದುರುಮನೆಯ ಮಲ್ಲವ್ವ ಒನಕೆ ಇಳಿಸುವ ಮೊದಲೇ ಕೇಳಿದಳು. "ತಳಖಾರ ಎಷ್ಟ ಉಳದೈತಿ, ಬಾಳಕ್ಕಾ? ಹೊಸಾ ಸೊಸಿ ಬಂದಾಳ, ಎಲ್ಲಾ ಉಂಡಾಳೇನ ಮತ್ತ?"

"ಅಕೀನ ಕೇಳು. ಭರಣಿ ಅಕೀ ಕೈಯಾಗೈತಿ."

ಶಂಕ್ರವ್ವ ನನ್ನ ಕೊರಳು ಹಿಡಿದುಕೊಂಡಳು. "ಐತ್ರಿ," ಎಂದಳು. "ಹಿಡಿ ತುಂಬ ಐತಿ."

ಆ ದಿನದಿಂದ ಅವಳ ಕಾಲುಂಗುರದ ಸದ್ದು ಮನೆಯಲ್ಲಿ ಕೇಳತೊಡಗಿತು.

ಮುಂದಿನದ್ದು ಬೇಗ ಹೇಳುತ್ತೇನೆ. ಬಾಳವ್ವ ಹೋದಳು. ಹಿತ್ತಲಿಗೆ ಅಡ್ಡ ಗೋಡೆ ಬಂತು, ಪಾಲಾಯಿತು. ಮೆಣಸಿನ ಗಿಡ ಮಾಳಿಗೆ ಹತ್ತಿ ಎಣ್ಣೆ ಡಬ್ಬಗಳಲ್ಲಿ ಬೆಳೆಯಿತು. ನನ್ನ ಮುಚ್ಚಳ ಒಡೆದು ಸ್ಟೀಲಿನ ತಾಟು ಬಂತು. ಒಳಕಲ್ಲಿನ ಜಾಗದಲ್ಲಿ ಮಿಕ್ಸರ್. ಶಂಕ್ರವ್ವನ ಸೊಸೆ ಪೌರ್ಣಿಮಾ ಬಂದಳು, ಗಲಗಲ ಮಾತಿನವಳು. ತಳಖಾರ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಮೂವತ್ತೆಂಟು ವರ್ಷ ಶಂಕ್ರವ್ವ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಇಲ್ಲದ್ದನ್ನು ಇದೆ ಎಂದು ಒಮ್ಮೆ ಹೇಳಿದವಳು, ಅದು ಇರುವಂತೆ ನೋಡಿಕೊಂಡಳು.

ಉಪ್ಪು, ಹುಳಿ ತಿಂದು ತಿಂದು ನನ್ನ ತಳಕ್ಕೆ ಕೂದಲೆಳೆಯ ಸೀಳು ಬಂತು. ಕಪಾಟಿನ ಹಲಗೆಯ ಮೇಲೆ ಕೆಂಪು ಉಂಗುರ ಮೂಡಿತು. ಶಂಕ್ರವ್ವ ಗಾಜಿನ ಬಾಟಲಿ ತರಿಸಿ, ಒಂದು ಬೀಜವೂ ಉಳಿಯದಂತೆ ಬೆರಳಿಂದ ಬಳಿದು ತಳಖಾರ ಅದಕ್ಕೆ ಸಾಗಿಸಿದಳು. ನಾನು ಹಗುರಾದೆ. ಇನ್ನು ಕಸದ ಗಾಡಿಯೇ ಅಂದುಕೊಂಡೆ.

ಪೌರ್ಣಿಮಾ ನನ್ನನ್ನು ಮಾಳಿಗೆಗೆ ಒಯ್ದಳು. "ಅತ್ತಿ, ಇದರಾಗ ಮೆಣಸಿನ ಸಸಿ ಹಚ್ಚಿದ್ರ ಹೆಂಗ? ತೂತ ಕೊರಿಯೂ ತ್ರಾಸಿಲ್ಲ, ಸೀಳಿನಾಗ ನೀರ ಇಳಿತೈತಿ." ಆಮೇಲೆ ನನ್ನೊಳಗೆ ಇಣುಕಿ, "ಮಣ್ಣ ತುಂಬೂದಕ್ಕ ಮೊದಲ ಸ್ವಚ್ಛ ತೊಳೀಲೇನು?" ಎಂದಳು.

ಶಂಕ್ರವ್ವ ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಯಾಕ್ರೀ, ಅತ್ತಿ?"

"ತೊಳಿ, ತೊಳಿ. ಈ ಮನ್ಯಾಗ ಸೊಸೆಂದಿರು ಭರಣಿ ತೊಳಿಯೂ ಪದ್ಧತಿ ಐತಿ. ಕುಂದ್ರು, ಹೇಳತೇನಿ."

ಹೇಳಿದಳು. ಗಡಿಗೆಯದೂ ಹೇಳಿದಳು, ಹುಣಸೆಹಣ್ಣಿನದೂ ಹೇಳಿದಳು. ಬಿಳಿ ಗಂಟು ಬಿಚ್ಚಿ ಪೌರ್ಣಿಮಾಳ ಅಂಗೈ ಮೇಲೆ ಸುರಿದಳು. ಗಲಗಲ ಹುಡುಗಿ ನಾಲ್ಕು ಬೀಜ ಆರಿಸಿ ಬದಿಗಿಟ್ಟು, ಉಳಿದದ್ದನ್ನು ಮತ್ತೆ ಗಂಟು ಕಟ್ಟಿದಳು.

ಈಗ ನನ್ನ ಹೊಟ್ಟೆಯೊಳಗೆ ಮಣ್ಣಿದೆ, ನಾನು ಹುಟ್ಟಿ ಬಂದ ಮಣ್ಣಿನ ಯಾವುದೋ ದೂರದ ಸಂಬಂಧಿ. ಬೇರುಗಳು ಒಳಗಿಂದ ನನ್ನನ್ನು ಮೆಲ್ಲಗೆ ತಡವುತ್ತವೆ. ಅರವತ್ತು ವರ್ಷ ಮೆಣಸಿನಕಾಯಿ ನನ್ನೊಳಗೆ ಕುಟ್ಟಿಸಿಕೊಂಡೇ ಬಂದು ಬೀಳುತ್ತಿತ್ತು. ಅದು ಬಿಳಿ ಹೂವಾಗಿ ಶುರುವಾಗುತ್ತದೆಂದು ನನಗೆ ಈಗ ಗೊತ್ತಾಯಿತು.

ನಿನ್ನೆ ಮೊದಲ ಕಾಯಿ ಹಣ್ಣಾಯಿತು. ಶಂಕ್ರವ್ವ ಮೆಟ್ಟಿಲಿಗೊಮ್ಮೆ ಉಸಿರು ತಗೊಂಡು ಮೇಲೆ ಬಂದಳು. ಅದನ್ನು ಹರಿದು, ಪೌರ್ಣಿಮಾಳ ಕೈಗೆ ಬೀಜಕ್ಕೆಂದು ಕೊಟ್ಟಳು. ಹೋಗುವ ಮೊದಲು ಬಾಗಿ ಬೆರಳ ಗೆಣ್ಣಿನಿಂದ ನನ್ನ ಹೊಟ್ಟೆಗೆ ಬಡಿದಳು. ನಾನು ಠಣ್ ಎನ್ನಲಿಲ್ಲ. ಮಣ್ಣು ತುಂಬಿದ ದಪ್ಪ ದನಿಯಲ್ಲಿ ಧಬ್ ಎಂದೆ.

"ಸಾಕು," ಎಂದಳು ಶಂಕ್ರವ್ವ.