ಹಾಡಿಗೆ ಮುಂಚಿನ ಮಾತು

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಮೈದುನನನ್ನು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಬೀರುವಿನಲ್ಲಿದ್ದ ಪುಟ್ಟ ರೆಕಾರ್ಡನ್ನು ಹಾಕಿ ಕೇಳಿಸಬೇಕು. ಮದುವೆಗೆ ಮುಂಚೆ ಅಣ್ಣ ಯಾವುದೋ ಅಂಗಡಿಯಲ್ಲಿ ಹಾಡಿ, ಮೆತ್ತನೆಯ ತಟ್ಟೆಯ ಮೇಲೆ ಕೊರೆಸಿಕೊಂಡು ಬಂದದ್ದು ಅದು. ಇನ್ನೊಂದು ಪ್ರತಿ ಇಲ್ಲ. ಅಣ್ಣನ ಕಂಠದ ಬಗ್ಗೆ ಮನೆಯಲ್ಲಿ ಯಾರಿಗೂ ಭ್ರಮೆ ಇರಲಿಲ್ಲ, ಅತ್ತಿಗೆಗಂತೂ ಮೊದಲೇ ಇರಲಿಲ್ಲ. ಆದರೆ ಹಾಡಿಗೆ ಮುಂಚೆ, ರೆಕಾರ್ಡಿಂಗ್ ಕೋಣೆಯ ಗಾಜಿನಾಚೆ ನಿಂತು ನಗುತ್ತಿದ್ದ ಅವಳಿಗೆ ಹೇಳಿದ ಮಾತೂ ಅದರಲ್ಲಿ ಸೇರಿಕೊಂಡಿತ್ತು. "ಏ ಗುಂಡಮ್ಮ, ನಗಬೇಡ ಕಣೇ, ಶುರು ಮಾಡ್ತೀನಿ." ಹಾಗೆಂದು ಅವಳನ್ನು ಕರೆದವನು ಅವನೊಬ್ಬನೇ.

ಮೈದುನ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ಅಟ್ಟದಿಂದ ಟರ್ನ್‌ಟೇಬಲ್ ಇಳಿಸಿ, ಅದರ ಸಣ್ಣ ದನಿಯನ್ನು ದೊಡ್ಡದು ಮಾಡುವ ಪ್ರೀಆಂಪ್ ಪೆಟ್ಟಿಗೆಗೆ ಜೋಡಿಸಿ ಮುಳ್ಳು ಇಟ್ಟ. ಗುಂಯ್ ಎನ್ನುವ ಸದ್ದು. ಅದರಡಿಯಲ್ಲಿ ಎಲ್ಲೋ ಅಣ್ಣ.

"ಕರೆದ್ರು!" ಅತ್ತಿಗೆ ಕಣ್ಣೊರೆಸಿಕೊಂಡಳು. "ಸಾಕಪ್ಪ, ಇಷ್ಟು ಕೇಳಿಸಿದ್ರೆ ಸಾಕು."

"ಈ ಗಲಾಟೇಲಿ ಏನು ಕೇಳ್ತೀರಿ ಅತ್ತಿಗೆ? ಸ್ವಲ್ಪ ತಡೀರಿ. ಅಣ್ಣ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಮಾಡ್ಕೊಡ್ತೀನಿ."

ಅಣ್ಣ ಬದುಕಿದ್ದಾಗ ಅವನಿಗಾಗಿ ಒಂದು ಕಡ್ಡಿ ಎತ್ತಿಟ್ಟವನಲ್ಲ. ಆ ಕೊರಗು ಒಳಗೇ ಇತ್ತು. ಇದನ್ನಾದರೂ ಸರಿಯಾಗಿ ಮಾಡಬೇಕೆಂದು ಹಟ ಹಿಡಿದ. ಅವನ ಹಟವೋ, ದೇವರೇ ಗತಿ.

ಅರ್ಥ್ ವೈರು ಪೆಟ್ಟಿಗೆಯ ತಗಡಿಗೆ ತಾಗದೆ ಅದರ ಬಣ್ಣದ ಮೇಲೆ ಕೂತಿತ್ತು. ಬಣ್ಣ ಕೆರೆದು ಬಿಗಿದಾಗ ಗುಂಯ್ ಅರ್ಧ ಇಳಿಯಿತು. ಪ್ರೀಆಂಪನ್ನು ಕರೆಂಟಿನ ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿಸಿದಾಗ ಉಳಿದದ್ದೂ ಹೋಯಿತು. ಆಮೇಲೆ ಹಿಂದೆ ಅಡಗಿದ್ದ ಗುರುಗುರು ಕೇಳಿಸತೊಡಗಿತು. ಅದು ಮುಳ್ಳು ತಟ್ಟೆಯ ಮೇಲಿದ್ದಾಗ ಮಾತ್ರ ಬರುತ್ತಿತ್ತು, ಅಂದರೆ ಮೋಟಾರಿನ ನಡುಕ. ಅಂಥ ಸದ್ದು ಹಾಡಿನ ನಡುವೆ ಸಿಕ್ಕುವುದಿಲ್ಲ, ಹಿಡಿಯಲು ಸದ್ದಿಲ್ಲದ ಜಾಗ ಬೇಕು. ಹಾಗಾಗಿ ಒಂದೊಂದು ತಿರುಪು ಬಿಗಿದಾಗಲೂ ಹಾಡಿಗೆ ಮುಂಚಿನ ಜಾಗಕ್ಕೇ ಮುಳ್ಳು ಇಳಿಸಿದ. ಮುಳ್ಳು ಹಾರಿತೆಂದು ಅದರ ಭಾರವನ್ನೂ ಹೆಚ್ಚಿಸಿದ. ಬೇರೆ ರೆಕಾರ್ಡುಗಳು ಪಕ್ಕದಲ್ಲೇ ಧೂಳು ತಿನ್ನುತ್ತಿದ್ದವು. ಪುಣ್ಯಾತ್ಮನಿಗೆ ಅವುಗಳ ನೆನಪೇ ಆಗಲಿಲ್ಲ. ಕಿವಿಯೆಲ್ಲ ಗುರುಗುರುವಿನ ಮೇಲಿತ್ತು, ಅಣ್ಣನ ಮಾತಿನ ಮೇಲಲ್ಲ.

ಮೋಟಾರಿನ ಕೆಳಗೆ ಕಲ್ಲಾಗಿದ್ದ ರಬ್ಬರನ್ನು ಬದಲಿಸಿದ ಮೇಲೆ ಅದೂ ನಿಂತಿತು. ಖುಷಿಯಿಂದ ಅತ್ತಿಗೆಯನ್ನು ಕೂಗಿದ. ಅವಳು ಕೈ ಒರೆಸಿಕೊಂಡು ಬಂದು, ಸೆರಗು ಸರಿಮಾಡಿಕೊಂಡು ಕೂತಳು.

ಮುಳ್ಳು ಇಳಿಯಿತು. ಕೋಣೆಯಲ್ಲಿ ಒಂದಿಷ್ಟೂ ಗುಂಯ್ ಇಲ್ಲ, ಗುರುಗುರುವೂ ಇಲ್ಲ. ಆ ನಿಶ್ಶಬ್ದದಲ್ಲಿ ಯಾರೋ ಗೋಡೆ ಕೆರೆದಂತೆ ಸ್ವಲ್ಪ ಹೊತ್ತು ಪರಪರ, ಅಷ್ಟೇ. ಆಮೇಲೆ ಅಣ್ಣ ಶುರು ಮಾಡಿದ. ಹಾಡು ಸ್ಪಷ್ಟವಾಗಿತ್ತು, ತಪ್ಪಿದ ತಾಳವೂ ಸೇರಿ.

ಮೈದುನ ಬಗ್ಗಿ ತಟ್ಟೆಯ ಅಂಚನ್ನು ನೋಡಿದ. ಮೆತ್ತನೆಯ ತಟ್ಟೆ. ಮತ್ತೆ ಮತ್ತೆ ಮುಳ್ಳು ಇಳಿಸಿ ಆ ಮಾತನ್ನು ತಾನೇ ಸವೆಸಿ ಹಾಕಿದ್ದ.

"ಮೊದಲಿಂದ ಹಾಕಪ್ಪ," ಎಂದಳು ಅತ್ತಿಗೆ. "ಕರೀಲೇ ಇಲ್ಲ ಅವರು."

ಅವನು ಮುಳ್ಳನ್ನು ಎತ್ತಿ ಪಕ್ಕಕ್ಕೆ ಸರಿಸಿದ. ಅತ್ತಿಗೆ ಅವನ ಮುಖವನ್ನು ನೋಡಿದಳು, ಆಮೇಲೆ ತಟ್ಟೆಯನ್ನು ನೋಡಿದಳು. ಅವಳಿಗೂ ಅರ್ಥವಾಯಿತು.

"ಹಾಡು ಚೆನ್ನಾಗಿ ಬಂತು, ಬಿಡು," ಎಂದು ಎದ್ದು ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಒಬ್ಬನೇ ಉಳಿದ ಅವನು ಅರ್ಥ್ ವೈರನ್ನು ಕಳಚಿ, ಮತ್ತೆ ಅದೇ ಜಾಗಕ್ಕೆ ಮುಳ್ಳು ಇಟ್ಟ. ಗುಂಯ್ ಎನ್ನುವ ಸದ್ದು ವಾಪಸು ಬಂತು. ಅದರಡಿಯಲ್ಲಿ ಯಾರೂ ಇರಲಿಲ್ಲ.