ಹೇಳಿಕೊಟ್ಟ ಮಾತು

ಕೌಟುಂಬಿಕ ನ್ಯಾಯಾಲಯದಲ್ಲಿ ವಾದಿ ಇರುತ್ತಾರೆ, ಪ್ರತಿವಾದಿ ಇರುತ್ತಾರೆ. ಇಬ್ಬರ ನಡುವೆ ಓಡಾಡುವ ಕೇಸ್‌ವರ್ಕರ್‌ಗೆ ಗುಮಾಸ್ತರೆಲ್ಲ ಸೇರಿ ‘ಅನುಮಾನವಾದಿ’ ಎಂದು ಹೆಸರಿಟ್ಟಿದ್ದರು. ಆಕೆಗೇನೂ ಬೇಸರವಿರಲಿಲ್ಲ. ಹಗ್ಗವನ್ನು ಹಾವೆಂದುಕೊಂಡರೆ ನಷ್ಟವಿಲ್ಲ, ಹಾವನ್ನು ಹಗ್ಗವೆಂದುಕೊಂಡರೆ ಕಚ್ಚಿಸಿಕೊಳ್ಳುವುದು ಮಗು, ಎನ್ನುವವಳು ಆಕೆ.

ಈ ಸಲ ಆಕೆಯ ಪಾಲಿಗೆ ಬಂದವರು ಒಬ್ಬ ನರ್ಸ್ ಮತ್ತು ಅವಳ ಆರು ವರ್ಷದ ಮಗಳು ಚಿಣ್ಣಿ. ಗಂಡ ಬಸ್ ಡ್ರೈವರ್. ಬೇರೆ ಮನೆ ಮಾಡಿಕೊಂಡು, ಮಗಳು ತನಗೇ ಬೇಕೆಂದು ಅರ್ಜಿ ಹಾಕಿದ್ದ. ನರ್ಸಿಗೆ ಕೋರ್ಟಿನ ದಾರಿ ತಿಳಿಸಿ ಜೊತೆಗಿರುವುದು, ಮಗುವನ್ನು ಮಾತಾಡಿಸಿ ನ್ಯಾಯಾಧೀಶರಿಗೆ ವರದಿ ಕೊಡುವುದು ಕೇಸ್‌ವರ್ಕರ್ ಕೆಲಸ. ಮೂರನೆಯ ಭೇಟಿಯಲ್ಲಿ ಚಿಣ್ಣಿ ಬಾಯಿಬಿಟ್ಟಳು.

“ಅಪ್ಪನ ಮನೇಲಿ ನಂಗೆ ಉಸಿರು ಕಟ್ಟಿದ ಹಾಗಾಗತ್ತೆ.”

ಕೇಸ್‌ವರ್ಕರ್ ಕಿವಿ ನಿಮಿರಿತು. ಆರು ವರ್ಷದ ಮಗುವಿಗೆ ಹೊಟ್ಟೆ ನೋಯುತ್ತದೆ, ಕಾಲು ನೋಯುತ್ತದೆ. ಉಸಿರು ಕಟ್ಟುವುದೇನಿದ್ದರೂ ಸಂಸಾರಸ್ಥರಿಗೆ. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು? ಆದರೆ ಈ ಬುತ್ತಿ ಕಟ್ಟಿದವರು ಯಾರು?

ಮೊದಲ ಅನುಮಾನ ಅಜ್ಜಿಯ ಮೇಲೆ. ನರ್ಸಿನ ತಾಯಿ ಕೋರ್ಟಿನ ಪಡಸಾಲೆಯ ಬೆಂಚಿನಲ್ಲಿ ಕೈಚೀಲವನ್ನು ಅವುಚಿಕೊಂಡು ಕೂತಿದ್ದರು.

“ಮಕ್ಕಳ ಬಾಯಲ್ಲಿ ದೇವ್ರು ಮಾತಾಡ್ತಾನೆ ಕಣಮ್ಮ.”

“ಮಾತಾಡೋಕ್ಕಿಂತ ಮುಂಚೆ ವಕೀಲರನ್ನ ಕೇಳ್ತಾನಾ ಅಜ್ಜಿ?”

“ನಿನ್ನ ನಾಲಗೆಗೆ ಮೂಳೆ ಇಲ್ಲ ಬಿಡು.”

“ಇದ್ದಿದ್ರೆ ಈ ಕೆಲಸದಲ್ಲಿ ಎಂದೋ ಮುರಿದಿರ್ತಿತ್ತು.”

ಎರಡನೆಯ ಅನುಮಾನ ತಾಯಿಯ ಮೇಲೆ. “ನಾನ್ಯಾಕೆ ಹೇಳಿಕೊಡ್ಲಿ ಮೇಡಂ? ಡ್ಯೂಟಿ ಮುಗಿಸಿ ಬಂದ್ರೆ ಅವಳಿಗೆ ಜಡೆ ಹಾಕೋಕೂ ಪುರುಸೊತ್ತಿರಲ್ಲ. ಬೇರೆ ಯಾರೂ ಹೇಳಿಕೊಟ್ಟಿಲ್ಲ,” ಎಂದಳು ನರ್ಸ್. ಕೇಳಿದ ತಕ್ಷಣ ಬಂದ ಉತ್ತರ. ಬಿಸಿಬಿಸಿಯಾಗಿದೆ ಎಂದೇ ಕೇಸ್‌ವರ್ಕರ್‌ಗೆ ಅದರ ಮೇಲೂ ಸಂಶಯ. ವರದಿಯಲ್ಲಿ ಬರೆದೇಬಿಟ್ಟಳು: ‘ತಾಯಿಯ ಕಡೆಯವರು ಮಗುವಿಗೆ ಮಾತು ಕಲಿಸಿರುವಂತಿದೆ.’

ಆ ಒಂದು ಸಾಲು ಸಾಕಿತ್ತು. ಮಗುವಿನ ತಲೆ ಕೆಡಿಸುವ ಹೆತ್ತವರನ್ನು ಆ ನ್ಯಾಯಾಧೀಶರು ಸಹಿಸುವವರಲ್ಲ. ಮಗಳು ಡ್ರೈವರ್ ಮನೆಗೆ ಹೋಗುವುದು ಖಂಡಿತ.

ವಿಚಾರಣೆಯ ಬೆಳಿಗ್ಗೆ ನರ್ಸ್ ವಕೀಲರ ಜೊತೆ ಮಾತಾಡಲು ಹೋದಾಗ ಚಿಣ್ಣಿಯನ್ನು ಆಟದ ಕೋಣೆಯಲ್ಲಿ ಬಿಟ್ಟಿದ್ದರು. ಕೇಸ್‌ವರ್ಕರ್ ವರದಿ ಹಿಡಿದು ಬಾಗಿಲ ಸಂದಿಯಲ್ಲಿ ನಿಂತಳು. ಒಳಗೆ ಬೊಂಬೆಗಳ ಕೋರ್ಟು ನಡೆದಿತ್ತು. ಆನೆ ಹೊಟ್ಟೆ ಮುಂದೆ ಮಾಡಿ, “ಸ್ವಾಮಿ, ನಮ್ಮ ಕಕ್ಷಿದಾರರು ಬಹಳ ಒಳ್ಳೆಯವರು,” ಎಂದಿತು: ಡ್ರೈವರ್ ಕಡೆಯ ವಕೀಲ, ಮೂಗಿನ ದನಿಯ ಸಮೇತ. ಪ್ಲಾಸ್ಟಿಕ್ ಕೋಳಿ ಎರಡು ಮಾತಿಗೊಮ್ಮೆ “ಕಣಮ್ಮ, ಕಣಮ್ಮ” ಎಂದು ಕುಕ್ಕುತ್ತಿತ್ತು. ಕೇಸ್‌ವರ್ಕರ್ ನಗು ನುಂಗಿ ಕಿವಿಗೊಟ್ಟಳು. ಈಗ ಕಳ್ಳ ತಾನಾಗಿ ಸಿಕ್ಕಿಬೀಳುತ್ತಾನೆ.

ಚಿಣ್ಣಿ ಕರಡಿಮರಿಯನ್ನು ಕೂರಿಸಿ ಎದುರಿಗೆ ಜಿರಾಫೆಯನ್ನಿಟ್ಟಳು. ಜಿರಾಫೆ ಕತ್ತು ವಾಲಿಸಿತು, ಎರಡು ಸಲ ಗಂಟಲು ಸರಿಮಾಡಿಕೊಂಡಿತು.

“ಹ್ಞೂಂ... ಹ್ಞೂಂ... ಭಯ ಬೇಡ ಕಂದಾ. ಅಪ್ಪನ ಮನೇಲಿ ಹೇಗನ್ನಿಸತ್ತೆ? ಗೊತ್ತಿಲ್ವಾ? ಉಸಿರು ಕಟ್ಟಿದ ಹಾಗಾ?”

ಕರಡಿ ಸುಮ್ಮನಿತ್ತು.

“ಹಾಗೇನಾ ಕಂದಾ?”

ಕರಡಿ ತಲೆಯಾಡಿಸಿತು. “ಜಾಣೆ,” ಎಂದ ಜಿರಾಫೆ ಅದಕ್ಕೊಂದು ಮರದ ತುಂಡು ಕೊಟ್ಟಿತು, ಬಿಸ್ಕತ್ತಿನಂತೆ.

ಕೇಸ್‌ವರ್ಕರ್ ಗಂಟಲು ಎಂದಿನ ಅಭ್ಯಾಸದಂತೆ ತಾನಾಗಿ ‘ಹ್ಞೂಂ’ ಎನ್ನಲು ಹೊರಟಿತ್ತು, ತಡೆದುಕೊಂಡಳು. ಮೊದಲ ಭೇಟಿಯಲ್ಲಿ ಮಗು ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು, ಹೊರಗೆ ಇನ್ನೊಂದು ಕುಟುಂಬ ಕಾಯುತ್ತಿತ್ತು. ಸ್ವಲ್ಪ ದಾರಿ ತೋರಿಸೋಣವೆಂದು ತಾನೇ ಹಾಗೆ ಕೇಳಿದ್ದಳು. ಡ್ರಾಯರಿನಿಂದ ಬಿಸ್ಕತ್ತನ್ನೂ ಕೊಟ್ಟಿದ್ದಳು. ಊರಿಗೆಲ್ಲ ಟಾರ್ಚ್ ಬಿಟ್ಟವಳು ತನ್ನ ಕಾಲ ಬುಡ ನೋಡಿಕೊಂಡಿರಲಿಲ್ಲ.

ಮೇಲಧಿಕಾರಿಗೆ ಹೇಳಿದಾಗ ಅವರು ತಲೆ ಎತ್ತಲೂ ಇಲ್ಲ. “ಎಲ್ರೂ ಕೇಳೋದು ಹಾಗೇ ಕಣೇ. ಆ ಸಾಲು ಹೊಡೆದುಹಾಕು, ಸಾಕು. ನಿನ್ನ ಹೆಸರು ಯಾಕೆ ಕೆಡಿಸ್ಕೋತೀಯ?”

ಆಕೆ ಸಾಲು ಹೊಡೆದುಹಾಕಿದಳು. ಅದರ ಜಾಗದಲ್ಲಿ, ಆ ಮಾತು ಮಗುವಿಗೆ ಬಂದದ್ದು ತನ್ನ ಪ್ರಶ್ನೆಯಿಂದ, ಬೇರೆಯವರು ಹೊಸದಾಗಿ ಮಾತಾಡಿಸಲಿ ಎಂದು ಬರೆದು ರುಜು ಹಾಕಿದಳು. ಆಮೇಲೆ ಪಡಸಾಲೆಗೆ ಹೋಗಿ ನರ್ಸಿಗೆ ಎಲ್ಲವನ್ನೂ ಹೇಳಿದಳು.

ಆಟದ ಕೋಣೆಯಿಂದ ಕರೆತಂದ ಮಗಳ ಜಡೆ ಸರಿಮಾಡುತ್ತಿದ್ದ ನರ್ಸ್ ಕೈ ನಿಲ್ಲಿಸಿದಳು. “ಅಂದ್ರೆ ಚಿಣ್ಣಿ ಹೇಳಿದ್ದು ಸುಳ್ಳು ಅಂತಾನಾ?”

“ಹಾಗಲ್ಲ. ನಿಜಾನೋ ಸುಳ್ಳೋ ನನಗೆ ಗೊತ್ತಾಗ್ತಿಲ್ಲ.”

“ಅವಳಿಗೆ ನಿಜವಾಗ್ಲೂ ಅಲ್ಲಿ ಹಾಗಾಗ್ತಿದ್ರೆ?”

ಪಡಸಾಲೆಯ ಆ ತುದಿಯಲ್ಲಿ ಡ್ರೈವರ್ ತನ್ನ ವಕೀಲನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ನರ್ಸ್ ಒಮ್ಮೆ ಅತ್ತ ನೋಡಿ, ಮತ್ತೆ ಇತ್ತ ನೋಡಿದಳು.

“ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ರು ಮೇಡಂ?”

“ಯಾರೂ ಇಲ್ಲ.”

“ಅವತ್ತು ನಾನೂ ಇದನ್ನೇ ಹೇಳಿದ್ದೆ.”

ಅಷ್ಟರಲ್ಲಿ ಜವಾನ ಬಾಗಿಲಲ್ಲಿ ನಿಂತು ಅವರ ಕೇಸು ಕೂಗಿದ. ನರ್ಸ್ ಮಗಳನ್ನು ಕೇಸ್‌ವರ್ಕರ್ ಇದ್ದ ಬದಿಯಿಂದ ಆಚೆ ಬದಿಗೆ ಎಳೆದುಕೊಂಡು ಎದ್ದಳು. “ನೀವು ಬರೋದು ಬೇಡ,” ಎಂದು, ಭಾರದ ಬಾಗಿಲನ್ನು ತಾನೇ ಭುಜದಿಂದ ತಳ್ಳಿ ಒಳಗೆ ಹೋದಳು.