ಬಟ್ಟೆ ಒಣಗುವ ಊರು

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ರಕ್ತ, ಕೀವು, ಬೆವರು ತೊಳೆದ ಹೆಂಗಸಿಗೆ ಜೊತೆಯವರು ಇಟ್ಟ ಹೆಸರು ನೊರೆಯಕ್ಕ. ಹೊದಿಕೆಯೊಂದನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಅದು ಯಾವ ವಾರ್ಡಿನದು, ಹೊದ್ದವರು ಎದ್ದು ಮನೆಗೆ ಹೋದರೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದಳು. ಹಾಗಾಗಿ ಮನೆ ಕೊಳ್ಳಲು ಹೊರಟಾಗಲೂ ಅವಳು ಗೋಡೆ, ನಲ್ಲಿ, ಛಾವಣಿ ನೋಡಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ನೋಡಿದಳು.

“ಹಗ್ಗದ ಮೇಲೆ ಮಕ್ಕಳ ಬಟ್ಟೆ ಇರ್ಬೇಕು, ವಯಸ್ಸಾದೋರದ್ದಿರ್ಬೇಕು, ಕೆಲಸಕ್ಕೆ ಹೋಗೋರದ್ದೂ ಇರ್ಬೇಕು ರೀ. ಅಂಥ ಬೀದೀಲಿ ಕೂಗಿದ್ರೆ ಯಾರಾದ್ರೂ ಒಬ್ರು ಓಡಿ ಬರ್ತಾರೆ.”

“ನಾನು ಬೀಳೋದಂತೂ ಗ್ಯಾರಂಟಿ ಅಂತ ತೀರ್ಮಾನ ಮಾಡಿಬಿಟ್ಟಿದ್ದೀಯ,” ಎಂದ ಅವಳ ಗಂಡ.

ಅವನು ಬಡಗಿ. ಮೂರ್ಛೆರೋಗ ಶುರುವಾದ ಮೇಲೆ ಗರಗಸ ಮುಟ್ಟಿಲ್ಲ. ಹಿಂದಿನ ವರ್ಷ ನಗರದ ಹನ್ನೊಂದನೇ ಮಹಡಿಯ ಮನೆಯಲ್ಲಿ, ಅಡುಗೆಮನೆಯ ಬಾಗಿಲ ಹಿಂದೆ ಬಿದ್ದವನು ಅವಳು ಶಿಫ್ಟ್ ಮುಗಿಸಿ ಬರುವವರೆಗೂ ಹಾಗೇ ಬಿದ್ದಿದ್ದ. “ಮೇಲೆ ಏನೋ ದೊಪ್ಪಂತ ಬಿದ್ದ ಹಾಗಾಯ್ತು, ಟಿವಿ ಸ್ವಲ್ಪ ಜೋರು ಮಾಡಿಕೊಂಡ್ವಿ,” ಎಂದು ಕೆಳಗಿನ ಮನೆಯಾಕೆ ನಾಚಿಕೆಯಿಲ್ಲದೆ ಹೇಳಿದ್ದಳು. ಅದೇ ವಾರ ನೊರೆಯಕ್ಕ ಮನೆ ಬದಲಾಯಿಸುವ ನಿರ್ಧಾರ ಮಾಡಿದಳು. ಗದ್ದಲ ಬೇಡ, ಬೆಟ್ಟ, ನೀರು ಇರುವ ಕಡೆ ಹೋಗಿ ಎಂದು ಡಾಕ್ಟರೂ ಹೇಳಿದ್ದರು. ಸರೋವರದ ದಂಡೆಯ ಹೋಟೆಲೊಂದರ ಲಾಂಡ್ರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅವಳು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅವನು ಒಬ್ಬನೇ. ಆ ಹೊತ್ತಿಗೊಂದು ಊರು ಬೇಕಿತ್ತು.

ಸರೋವರದ ಸುತ್ತ ಚಿಕ್ಕಪುಟ್ಟ ಊರುಗಳು. ಗುಡ್ಡದ ಮೇಲಿನ ಊರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತ್ತು. ಯಾವ ಮನೆಯ ಮುಂದೆಯೂ ಒಂದು ಚಿಂದಿಯೂ ಇರಲಿಲ್ಲ. ಪಾಳುಬಿದ್ದ ಊರು ಎಂದುಕೊಂಡು ಅವಳು ಇಳಿಯಲೇ ಇಲ್ಲ. ಎದುರು ದಂಡೆಯಲ್ಲಿ ಬರೀ ಬಿಳಿ ಬೆಡ್‌ಶೀಟುಗಳು ಸಾಲಾಗಿ ಹಾರಾಡುತ್ತಿದ್ದವು. “ಇದು ಊರಲ್ಲ, ಲಾಡ್ಜು,” ಎಂದಳು. ಕೊನೆಗೆ ದೋಣಿಯಿಂದ ಕಂಡದ್ದು ಕೊಲ್ಲಿಯೊಳಗಿನ ಈ ಊರು. ಸುಮಾರು ಮೂವತ್ತು ಮನೆ. ಪ್ರತಿ ಹಗ್ಗದ ಮೇಲೂ ಬಟ್ಟೆ: ಮಗುವಿನ ಕಾಲುಚೀಲ, ಅಜ್ಜಿಯ ಶಾಲು, ಮೊಣಕಾಲಿಗೆ ತೇಪೆ ಹಾಕಿದ ಪ್ಯಾಂಟು. ನೊರೆಯಕ್ಕನ ಕಣ್ಣು ತುಂಬಿ ಬಂತು. “ಇಲ್ಲೇ ರೀ,” ಎಂದಳು, ದೋಣಿ ದಡ ಮುಟ್ಟುವ ಮೊದಲೇ.

ಮನೆ ದಲ್ಲಾಳಿ ದಡದ ಮೆಟ್ಟಿಲ ಹತ್ತಿರವೇ ಕಾದಿದ್ದ. ಮೈಗೆ ಅಂಟಿದಂಥ ಕೋಟು, ಕೈಯಲ್ಲಿ ಕಡತ. ಬೀದಿಯಲ್ಲಿ ಅವನ ಬೂಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

“ಜನ ಎಲ್ಲಿ?” ಎಂದಳು ನೊರೆಯಕ್ಕ.

“ಕೆಲಸಕ್ಕೆ ಹೋಗಿರ್ತಾರೆ ಮೇಡಂ.”

“ಮಕ್ಕಳು?”

“ಸ್ಕೂಲು.”

“ವಯಸ್ಸಾದೋರು?”

“ವಾಕಿಂಗು. ಇಲ್ಲಿ ಗಾಳಿ ಹಾಗಿದೆ, ತೊಂಬತ್ತಾದ್ರೂ ನಡೀತಾರೆ.”

“ನಾಯಿಗಳೂ ವಾಕಿಂಗಾ?” ಎಂದ ಬಡಗಿ. ದಲ್ಲಾಳಿ ಅಗತ್ಯಕ್ಕಿಂತ ಜೋರಾಗಿ ನಕ್ಕ.

ಮನೆ ಚೆನ್ನಾಗಿತ್ತು. ಎರಡು ಕೋಣೆ, ನೀರಿನ ಕಡೆಗೊಂದು ದೊಡ್ಡ ಕಿಟಕಿ. ದಲ್ಲಾಳಿ ಅದನ್ನು ತೆರೆದು, ಈ ನೋಟಕ್ಕೇ ಅರ್ಧ ಬೆಲೆ ಎಂದ. ಬಡಗಿ ಮಾತ್ರ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. ಹೊಸಿಲ ಮೇಲೆ ಹೆಬ್ಬೆರಳು ಸವರುತ್ತಿದ್ದ.

“ಹೊಸಿಲು ಹೊಸದರ ಹಾಗಿದೆ ಕಣೇ. ಹಾಕಿ ನಾಲ್ಕೈದು ವರ್ಷ ಆಗಿದೆ, ಮೊಳೆ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ಇದನ್ನ ಯಾರೂ ತುಳಿದೇ ಇಲ್ಲ.”

“ಈ ಮನೆ ಖಾಲಿ ಇದೆಯಲ್ಲ, ಅದಕ್ಕೇ ಮಾರ್ತಿದ್ದಾರೆ.”

“ಬರ್ತಾ ಪಕ್ಕದ ಮನೇದೂ ನೋಡ್ದೆ. ಅದೂ ಹಂಗೇ ಇದೆ.”

ಅವಳಿಗೆ ಸಿಟ್ಟು ಬಂತು. ಎರಡು ದಿನ ಅಲೆದು ಕೊನೆಗೂ ಸಿಕ್ಕ ಊರಿಗೆ ಇವನು ಕೊಂಕು ಹುಡುಕುತ್ತಿದ್ದಾನೆ. ಸಾಬೀತು ಮಾಡಿ ತೋರಿಸುತ್ತೇನೆಂದು ನೆಟ್ಟಗೆ ಪಕ್ಕದ ಅಂಗಳಕ್ಕೆ ಹೋಗಿ ಹಗ್ಗದ ಮೇಲಿನ ಅಂಗಿಯೊಂದರ ಕತ್ತುಪಟ್ಟಿ ಹಿಡಿದಳು. ಮೂಗಿಗೆ ತಂದಳು.

ಸಾಬೂನು ಇಲ್ಲ, ಬೆವರಿಲ್ಲ, ಎಣ್ಣೆಯಿಲ್ಲ, ಹೊಗೆಯಿಲ್ಲ. ಅಂಗಿ ಹಪ್ಪಳದ ಹಾಗೆ ಒಣಗಿತ್ತು. ಒಂದು ಮಗ್ಗುಲು ಬಿಸಿಲಿಗೆ ಬಿಳಿಚಿ, ಇನ್ನೊಂದು ಮಗ್ಗುಲು ಕಡುನೀಲಿಯಾಗಿಯೇ ಉಳಿದಿತ್ತು. ಹೆಗಲ ಮೇಲೆ ಕ್ಲಿಪ್ಪಿನ ತುಕ್ಕು, ಒಂದಲ್ಲ, ಹತ್ತಾರು ಕಡೆ. ಅವಳು ಮುಂದಿನ ಮನೆಗೆ ಹೋದಳು. ಮಗುವಿನ ಕಾಲುಚೀಲ ಹಿಂಡಿದಳು. ನೂಲು ಪುಡಿಯಾಗಿ ಬೆರಳಿಗೆ ಬಂತು. ಅದರಾಚೆಯ ಮನೆ, ಅದರಾಚೆಯದು. ಎಲ್ಲಿಯೂ ಒಂದು ಮೈಯ ವಾಸನೆಯಿಲ್ಲ. ನೀರಿನ ಕಡೆಯಿಂದ ಗಾಳಿ ಎದ್ದಿತು, ಮೂವತ್ತು ಮನೆಯ ತೋಳುಗಳು ಒಟ್ಟಿಗೇ ಎದ್ದು ಒಟ್ಟಿಗೇ ಇಳಿದವು.

ಬೀದಿಯ ತುದಿಯಲ್ಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳಿದ್ದಳು. ಸೊಂಟಕ್ಕೆ ದೊಡ್ಡ ಬೀಗದಕೈ ಗೊಂಚಲು. ಒಂದು ಮನೆಯ ಹಗ್ಗದಿಂದ ಒಣಗಿದ ಬಟ್ಟೆ ತೆಗೆದು ಪಕ್ಕದ ಮನೆಯ ಹಗ್ಗಕ್ಕೆ ಹಾಕುತ್ತಿದ್ದಳು.

“ಏನಮ್ಮಾ ಇದು?” ಎಂದಳು ನೊರೆಯಕ್ಕ. “ಒಗೆಯಲ್ವಾ ನೀನು?”

“ಒಗೆದು ಏನ್ಮಾಡ್ಲಿ ಅಕ್ಕಾ, ಕೊಳೆ ಮಾಡೋರೇ ಇಲ್ವಲ್ಲ. ವಾರಕ್ಕೆರಡು ಸಲ ಜಾಗ ಬದಲಾಯಿಸ್ಬೇಕು, ಅಷ್ಟೇ. ಮನೆ ಕೊಂಡೋರೆಲ್ಲ ವರ್ಷಕ್ಕೊಮ್ಮೆ ಬಂದು ನಾಲ್ಕು ದಿನ ಇರ್ತಾರೆ. ಉಳಿದಾಗ ಊರಲ್ಲಿ ಜನ ಇದ್ದ ಹಾಗೆ ಕಾಣ್ಬೇಕಂತೆ. ದೋಣೀಲಿ ಬರೋರಿಗೆ ಚೆನ್ನಾಗಿರುತ್ತಂತೆ.”

“ಯಾರ ಬಟ್ಟೆ ಇವು?”

“ಇಲ್ಲಿದ್ದೋರದ್ದು. ಬಾಡಿಗೆಮನೆಗಳು ತಾನೇ, ಒಂದೇ ದಿನದಲ್ಲಿ ಎಬ್ಬಿಸಿದ್ರು. ಹಗ್ಗದ ಮೇಲಿದ್ದದ್ದು ಹಗ್ಗದ ಮೇಲೇ ಉಳೀತು.” ಅವಳು ತೇಪೆಯ ಪ್ಯಾಂಟನ್ನು ಕೊಡವಿ ಕ್ಲಿಪ್ಪು ಹಾಕಿದಳು. “ಇದು ನನ್ನ ಗಂಡಂದು. ತೇಪೆ ನಾನೇ ಹಾಕಿದ್ದು.”

“ತಗೊಂಡು ಹೋಗ್ಬಾರ್ದಾ?”

“ಮನೆ ಕೊಂಡೋರ ಸಂಘದ ಆಸ್ತಿ ಅಕ್ಕಾ ಈಗ. ಪಟ್ಟೀಲಿದೆ. ನಾವೀಗ ಗುಡ್ಡದ ಮೇಲಿದ್ದೀವಿ, ಅಲ್ಲಿ ಹೊರಗಡೆ ಒಂದು ಟವೆಲ್ಲು ಹಾಕೋ ಹಾಗಿಲ್ಲ, ಇಲ್ಲಿನ ಕಿಟಕಿಗಳಿಗೆ ಕಾಣುತ್ತಂತೆ. ಮನೆಯೊಳಗೇ ಒಣಗಿಸ್ಕೋತೀವಿ.”

ಅವಳು ಅದನ್ನು ಹವಾಮಾನದ ವಿಷಯ ಹೇಳುವ ಹಾಗೆ ಹೇಳಿದಳು. ಅಷ್ಟರಲ್ಲಿ ನೊರೆಯಕ್ಕನ ಹಿಂದಿನಿಂದ ಆ ಸದ್ದು ಕೇಳಿತು. ಅವಳು ನಿದ್ದೆಯಲ್ಲೂ ಗುರುತಿಸಬಲ್ಲ ಸದ್ದು ಅದು.

ಬಡಗಿ ಅಂಗಳದ ಕಲ್ಲಿನ ಮೇಲೆ ಬಿದ್ದಿದ್ದ. ಮೈ ಬಿಲ್ಲಾಗಿ ಸೆಟೆದು ಅದುರುತ್ತಿತ್ತು. ದಲ್ಲಾಳಿ ಕಡತವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತುಕೊಂಡಿದ್ದ. ನೊರೆಯಕ್ಕ ಓಡಿ ಬಂದು ಗಂಡನನ್ನು ಮಗ್ಗುಲಾಗಿಸಿದಳು, ತಲೆ ಕಲ್ಲಿಗೆ ಬಡಿಯದಂತೆ ತೊಡೆಯ ಮೇಲಿಟ್ಟುಕೊಂಡಳು. ಹುಬ್ಬಿನ ಹತ್ತಿರ ರಕ್ತ.

“ಹಿಡ್ಕೊಳ್ರೀ ಸ್ವಲ್ಪ! ಕಾಲು ಹಿಡ್ಕೊಳ್ಳಿ!”

ದಲ್ಲಾಳಿ ಅಲುಗಲಿಲ್ಲ. ಅವಳು ತಲೆಯೆತ್ತಿ ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

“ಯಾರಾದ್ರೂ ಬನ್ನೀ!”

ಎದುರುಮನೆಯ ಕಿಟಕಿಯಲ್ಲಿ, ಹಾಡಹಗಲಿನಲ್ಲಿ, ದೀಪ ಹತ್ತಿತು. ಒಳಗಿನಿಂದ ಒಂದು ಹೆಣ್ಣುದನಿ: “ಬಂದೆ, ಇರಿ!”

ಅವಳಿಗೆ ಜೀವ ಬಂದಂತಾಯಿತು. ಪಕ್ಕದ ಮನೆಯಲ್ಲೂ ದೀಪ. “ಬಂದೆ, ಇರಿ!” ಅದರ ಪಕ್ಕದ್ದು. ಅದರ ಪಕ್ಕದ್ದು. ದನಿ ಬೀದಿಯುದ್ದಕ್ಕೂ ಮನೆಯಿಂದ ಮನೆಗೆ ಹರಿದು ನೀರಿನವರೆಗೆ ಹೋಯಿತು. ಒಂದು ನಾಯಿ ಮೂರು ಸಲ ಬೊಗಳಿ ನಿಂತಿತು, ಮತ್ತೆ ಮೂರು ಸಲ ಬೊಗಳಿ ನಿಂತಿತು. ಮೂವತ್ತು ಬಾಗಿಲಲ್ಲಿ ಒಂದೂ ತೆರೆಯಲಿಲ್ಲ. ಎಲ್ಲ ಮನೆಯಲ್ಲೂ ಒಂದೇ ದನಿ, ಒಂದೇ ಏರು, ಒಂದೇ ಇಳಿತ. “ಬಂದೆ, ಇರಿ!”

“ಗಾಬರಿ ಆಗ್ಬೇಡಿ ಮೇಡಂ,” ಎಂದ ದಲ್ಲಾಳಿ, ಗೋಡೆ ಬಿಡದೆಯೇ. “ಕಳ್ಳರಿಗೋಸ್ಕರ ಇಟ್ಟಿರೋದು. ಜೋರಾಗಿ ಶಬ್ದ ಆದ್ರೆ ತಾನಾಗೇ ಶುರುವಾಗುತ್ತೆ. ಈ ಮನೆಗೂ ಉಂಟು, ಬೆಲೇಲೇ ಸೇರಿದೆ.”

ಆಗ ಬೀದಿಯ ತುದಿಯಿಂದ ಅದೇ ದನಿ ಮತ್ತೊಮ್ಮೆ ಬಂತು, ಈ ಸಲ ಏದುಸಿರಿನೊಂದಿಗೆ. “ಬಂದೆ, ಇರಿ... ಬಂದೆ ಅಕ್ಕಾ...” ಬೀಗದಕೈಗಳು ಝಲ್ಲೆನ್ನುತ್ತ ಬುಟ್ಟಿಯವಳು ಓಡಿ ಬರುತ್ತಿದ್ದಳು. ನೊರೆಯಕ್ಕನಿಗೆ ಒಂದು ಗಳಿಗೆ ಅವಳನ್ನು ಕಂಡೇ ಭಯವಾಯಿತು. ಹತ್ತಿರ ಬಂದರೆ ಈ ಬಾಯೊಳಗೂ ಖಾಲಿ ಕೋಣೆಯೊಂದು ಇದ್ದರೆ? ಆದರೆ ಕಾಲು ಹಿಡಿದ ಕೈ ಬಿಸಿಯಾಗಿತ್ತು. ಮೈಗೆ ಬೆವರಿನ ವಾಸನೆಯಿತ್ತು.

“ನನ್ನ ದನೀನೇ ಅಕ್ಕಾ ಅದು,” ಎಂದಳು ತಲೆತಗ್ಗಿಸಿ. “ಮೈಕಿನ ಮುಂದೆ ಕೂರಿಸಿ ಹೇಳಿಸ್ಕೊಂಡ್ರು. ಯಾತಕ್ಕೆ ಅಂತ ಹೇಳ್ಲಿಲ್ಲ.”

ಮೈಯ ಅದುರಾಟ ನಿಂತಿತು. ಉಸಿರು ಗೊರಗೊರ ಎಂದು ಮರಳಿತು. ಮನೆಗಳು ಒಂದೊಂದಾಗಿ ಬಾಯಿ ಮುಚ್ಚಿದವು. ದಲ್ಲಾಳಿ ಕೈಗಡಿಯಾರ ನೋಡಿಕೊಂಡ.

“ಮೇಡಂ, ನಾಲ್ಕಕ್ಕೆ ಇನ್ನೊಂದು ಪಾರ್ಟಿ ಬರ್ತಿದೆ. ಅಷ್ಟರೊಳಗೆ ಇವರು ಏಳ್ತಾರಾ? ಕಲ್ಲಿನ ಮೇಲೆ ರಕ್ತ ಬೇರೆ...”

ನೊರೆಯಕ್ಕ ಗಂಡನ ತಲೆಯನ್ನು ಮೆಲ್ಲಗೆ ಕೆಳಗಿರಿಸಿ ಎದ್ದು ನಿಂತಳು. “ಈ ಕಲೆ ತಣ್ಣೀರಲ್ಲಿ ಹೋಗುತ್ತೆ. ನೀನೇ ಉಜ್ಜು. ನಾನು ಬೇಕಾದಷ್ಟು ಉಜ್ಜಿದ್ದೀನಿ.” ನಂತರ ಬುಟ್ಟಿಯವಳ ಕಡೆ ತಿರುಗಿ ಕೇಳಿದಳು: “ಗುಡ್ಡದ ಮೇಲೆ ಮನೆ ಮಾರಾಟಕ್ಕಿದೆಯಾ?”

“ನಮ್ಮ ಗೋಡೆಗೆ ಅಂಟಿಕೊಂಡಿರೋದೇ ಒಂದಿದೆ. ಆದ್ರೆ ಅಕ್ಕಾ, ಸುಳ್ಳು ಹೇಳಲ್ಲ. ಹಗಲು ಹೊತ್ತು ನಾವೆಲ್ಲ ಇಲ್ಲಿ, ಹೋಟೆಲಲ್ಲಿ, ದೋಣೀಲಿ ದುಡೀತಿರ್ತೀವಿ. ಮನೇಲಿರೋದು ನಮ್ಮತ್ತೆ ಒಬ್ರೇ. ಅವರಿಗೆ ಕಿವಿ ಒಂಚೂರೂ ಕೇಳಿಸಲ್ಲ. ನೀವು ಮೂವತ್ತು ಸಲ ಕೂಗಿದ್ರೂ ಅಷ್ಟೇ.”

ಬಡಗಿ ಕಣ್ಣು ತೆರೆದಿದ್ದ. “ನೋಡ್ಕೊಂಡಾದ್ರೂ ಬರೋಣ,” ಎಂದ, ನಾಲಿಗೆ ಇನ್ನೂ ತೊದಲುತ್ತಿತ್ತು.

ಸಂಜೆಯ ಬಸ್ಸಿನಲ್ಲಿ ಮೂವರೂ ಗುಡ್ಡ ಹತ್ತಿದರು. ಆ ಮನೆ ತಗ್ಗುಮಾಡಿನದು, ನೆಲಕ್ಕೆ ಮರದ ಹಲಗೆ. ಹಲಗೆಗಳು ಗೋಡೆಯ ಕೆಳಗೆ ಹಾದು ಪಕ್ಕದ ಮನೆಗೂ ಹೋಗಿದ್ದವು. ಒಂದೇ ಉದ್ದನೆಯ ಕಟ್ಟಡವನ್ನು ನಡುವೆ ಗೋಡೆಯೆಬ್ಬಿಸಿ ಎರಡು ಮಾಡಿದ್ದರು. ಬಡಗಿ ಅದನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಆಮೇಲೆ ಕೋಣೆಯ ನಡುವೆ ನಿಂತು ಹಿಮ್ಮಡಿಯಿಂದ ನೆಲಕ್ಕೆ ಒಮ್ಮೆ ಬಲವಾಗಿ ಗುದ್ದಿದ.

ಯಾರೂ ಉತ್ತರಿಸಲಿಲ್ಲ. ನೊರೆಯಕ್ಕ ಗೋಡೆಗೆ ಕಿವಿಯಿಟ್ಟಳು.

ಪಕ್ಕದ ಮನೆಯಲ್ಲಿ ಏನೋ ಸರಿದಾಡಿತು. ಊರುಗೋಲಿನ ಸದ್ದು ಹೊರಗೆ ಬಂದು, ಅಂಗಳ ಸುತ್ತಿ, ಬಾಗಿಲ ಹತ್ತಿರವಾಯಿತು. ಬಗ್ಗಿದ ಮುದುಕಿಯೊಬ್ಬಳು ಹೊಸಿಲು ದಾಟಿ ಒಳಗೆ ಬಂದು, ಮೂವರನ್ನೂ ಮೇಲಿಂದ ಕೆಳಗೆ ನೋಡಿ, ಕಿವುಡರ ದೊಡ್ಡ ದನಿಯಲ್ಲಿ ಗದರಿದಳು:

“ಯಾರು ಬಿದ್ದಿದ್ದು?”